ಚಪ್ಪಾಳೆ ತಟ್ಟದೆ ತೆರೆದ ಬಾಗಿಲು

ಈ ಸಲ ದಸರಾಕ್ಕೆ ಎಲ್ಲರೂ ಮೈಸೂರಿಗೆ ಹೋಗೋಣ ಎಂದು ನನ್ನ ಯಜಮಾನರು ಜಗಲಿಯ ಮೇಲೆ ಕೂತು ಹೇಳಿದಾಗ ಯಾರೂ ಕುಣಿದಾಡಲಿಲ್ಲ. ಕುಣಿದಾಡಬೇಕಾದವಳು ನನ್ನ ನಾದಿನಿ. ಅವಳಿಗೆ ಆಗ ಹದಿನಾಲ್ಕು. ಅಲಸಂದೆಕಾಯಿ ಮೊರ ಮುಂದಿಟ್ಟುಕೊಂಡು ಸುಲಿಯುತ್ತಿದ್ದಳು, ಸುಲಿಯುತ್ತಲೇ ಇದ್ದಳು. ಸಿಪ್ಪೆಯನ್ನು ಮೊರಕ್ಕೂ ಕಾಳನ್ನು ಕಸಕ್ಕೂ ಹಾಕುತ್ತಿದ್ದುದನ್ನು ನಾನು ನೋಡಿ, ಕಸದಿಂದ ಕಾಳನ್ನು ಆರಿಸಿ ತೆಗೆದೆ.

ನಾವಿದ್ದದ್ದು ಹೊಳೆನರಸೀಪುರದಲ್ಲಿ, ಹೊಳೆಯ ಕಡೆ ಇಳಿಯುವ ಬೀದಿಯಲ್ಲಿ. ಯಜಮಾನರಿಗೆ ಸೊಸೈಟಿಯಲ್ಲಿ ಗುಮಾಸ್ತೆ ಕೆಲಸ. ಮನೆಯಲ್ಲಿ ಅತ್ತೆ, ನಾವಿಬ್ಬರು, ಈ ಹುಡುಗಿ. ಇನ್ನೊಬ್ಬನಿದ್ದ, ನನ್ನ ಮೈದುನ, ಇವಳಿಗಿಂತ ಮೂರು ವರ್ಷ ದೊಡ್ಡವನು. ಅದರ ಹಿಂದಿನ ವರ್ಷದ ಶ್ರಾವಣದಲ್ಲಿ ವಿಷಮಶೀತ ಜ್ವರ ಬಂದು ಹೋಗಿಬಿಟ್ಟ. ಹಾಸನದ ಆಸ್ಪತ್ರೆಗೆ ಕರೆದುಕೊಂಡು ಹೋದದ್ದೂ ಆಯಿತು, ಬರಿಗೈಯಲ್ಲಿ ವಾಪಸು ಬಂದದ್ದೂ ಆಯಿತು.

ಅವನಿಗೆ ಮೈಸೂರಿನ ಎಕ್ಸಿಬಿಷನ್ನಿನ ಹುಚ್ಚು. ಒಂದು ಸಲವೂ ನೋಡಿದವನಲ್ಲ. ನೋಡಿ ಬಂದ ಯಾರೋ ಸಹಪಾಠಿ ಹೇಳಿದ್ದನ್ನು ಕೇಳಿಕೊಂಡು ಬಂದು ನಮಗೆಲ್ಲ ತಾನೇ ನೋಡಿದವನ ಹಾಗೆ ಹೇಳುತ್ತಿದ್ದ. ಮೋಟಾರ್ ಸೈಕಲ್ಲಿನವನು ಬಾವಿಯ ಗೋಡೆ ಮೇಲೆ ಓಡಿಸುವುದು, ಗಿಡ್ಡಗಿದ್ದವರನ್ನು ಉದ್ದ ಮಾಡುವ ಕನ್ನಡಿಗಳು, ಎಲ್ಲಕ್ಕಿಂತ ಮೇಲಾಗಿ ತೆಂಗಿನ ಮರಕ್ಕಿಂತ ಎತ್ತರದ ತಿರುಗೋ ತೊಟ್ಟಿಲು. ಜೋಳದ ದಂಟಿನ ಬೆಂಡಿಗೆ ಪೊರಕೆ ಕಡ್ಡಿ ಚುಚ್ಚಿ, ಖಾಲಿ ಬೆಂಕಿಪೊಟ್ಟಣಗಳನ್ನು ತೂಗುಹಾಕಿ, ತಾನೇ ಒಂದು ತೊಟ್ಟಿಲು ಮಾಡಿ ನಡುಮನೆಯ ಜಂತೆಗೆ ಕಟ್ಟಿದ್ದ. ಬೀದಿ ಬಾಗಿಲು ತೆರೆದರೆ ಅದು ಒಂದು ಸುತ್ತು ಸುತ್ತಿ ನಿಲ್ಲುತ್ತಿತ್ತು.

"ಬರೋ ದಸರಾಕ್ಕೆ ನಿನ್ನ ಕರ್ಕಂಡು ಓಯ್ತೀನಿ ಕಣೆ. ಇಬ್ರೂ ಒಂದೇ ತೊಟ್ಲಲ್ಲಿ ಕೂತ್ಕಳಾದು" ಎಂದು ತಂಗಿಗೆ ಹೇಳಿದ್ದ.

ಇವಳು ಬಿಡುವವಳೇ? "ರಾಮನಾಥಪುರದ ಬಸ್ಸಲ್ಲಿ ಅರಕಲಗೂಡು ಬರೋದ್ರೊಳ್ಗೇ ವಾಂತಿ ಮಾಡ್ಕಂಡವ್ನು ತೊಟ್ಲು ಅತ್ತಾನಂತೆ! ಕೆಳಗೆ ನಿಂತವ್ರು ಕೊಡೆ ಇಡ್ಕಬೇಕಾಯ್ತದೆ."

"ಅದು ಪೆಟ್ರೋಲ್ ವಾಸ್ನೆಗೆ ಕಣೆ ಬಂದಿದ್ದು. ಮೇಲೆ ಗಾಳಿ ಇರ್ತದೆ, ವಾಸ್ನೆ ಎಲ್ಲಿರ್ತದೆ?"

ಆ ಬರೋ ದಸರಾ ಬರುವ ಮೊದಲೇ ಅವನು ಹೋದ. ಹುಡುಗಿ ಮೊದಮೊದಲು ಅತ್ತಳು, ಆಮೇಲೆ ಅಳುವುದನ್ನೂ ಬಿಟ್ಟಳು. ಸ್ಕೂಲಿಗೆ ಹೋಗುತ್ತಿದ್ದಳು, ಬರುತ್ತಿದ್ದಳು. ಕರೆದರೆ ಓಗೊಡುತ್ತಿದ್ದಳು, ಆದರೆ ಬಾವಿಯೊಳಗಿಂದ ಓಗೊಟ್ಟ ಹಾಗೆ. ತಟ್ಟೆಗೆ ಹಾಕಿದ ಮುದ್ದೆಯಲ್ಲಿ ಅರ್ಧ ಹಾಗೇ ಉಳಿಯುತ್ತಿತ್ತು. ಒಂದು ವರ್ಷ ಹೀಗೇ ಕಳೆಯಿತು. ಮಗನೊಬ್ಬನನ್ನು ಕಳೆದುಕೊಂಡ ಮನೆಯಲ್ಲಿ ಮಗಳೂ ನಮ್ಮ ಕಣ್ಣೆದುರೇ ಸರಿದು ಹೋಗುತ್ತಿದ್ದಾಳೆ ಎಂಬ ಭಯ ಮೂವರಿಗೂ ಇತ್ತು, ಬಾಯಿಬಿಟ್ಟು ಯಾರೂ ಆಡಿರಲಿಲ್ಲ. ಮೈಸೂರಿನ ಮಾತು ಹುಟ್ಟಿದ್ದು ಅದಕ್ಕೆ.

"ಎಕ್ಸಿಬಿಷನ್ನಂತೆ! ಅವ್ಳು ಒಂದ್ಸಲ ಮಕ ಎತ್ತಿ ನನ್ನ ನೋಡ್ಲಿ ಸಾಕು" ಎಂದು ಅತ್ತೆ ಒಲೆಗೆ ಹೇಳಿದ ಹಾಗೆ ಹೇಳಿದರು.

ಯಜಮಾನರು ಬಿಡಲಿಲ್ಲ. ದೀಪ ಹಚ್ಚುವ ಹೊತ್ತಿಗೆ ಸೊಸೈಟಿಯಿಂದ ಬಂದವರು ಕಾಲು ತೊಳೆದು ಜಗಲಿಗೆ ಬಂದರೆ ಅದೇ ಮಾತು. ಬೆಳಿಗ್ಗೆ ರೈಲಿಗೆ ಹೋಗುವುದು, ಮೊದಲು ಮೃಗಾಲಯ, ಅಲ್ಲಿ ನೀರುಕುದುರೆ ಬಾಯಿ ತೆರೆದರೆ ಅದರೊಳಗೆ ನಮ್ಮ ಕಡಾಯಿ ಹೋಗುತ್ತದೆ, ಸಂಜೆಗೆ ಎಕ್ಸಿಬಿಷನ್ನು, ಮೊರದಷ್ಟು ಅಗಲದ ಎಣ್ಣೆ ಹಪ್ಪಳ, ರಾತ್ರಿ ಸ್ನೇಹಿತರ ಮನೆಯಲ್ಲಿ ಮಲಗಿ ಮಾರನೇ ದಿನ ವಾಪಸು. ಪಾಪ, ಲೆಕ್ಕದ ಪುಸ್ತಕ ಬಿಟ್ಟರೆ ಬೇರೆ ಬಣ್ಣದ ಮಾತು ಅರಿಯದ ಮನುಷ್ಯರು. ತಂಗಿಗಾಗಿ ಹುಲಿಯ ಹಾಗೆ ಗುರುಗುಟ್ಟಿ ಸಹ ತೋರಿಸಿದರು. ಎದುರು ಮನೆಯ ನಾಯಿ ಎದ್ದು ಬೊಗಳಿತು. ಇವಳು "ಹ್ಞೂ" ಎಂದಳು.

ನನ್ನ ದಾರಿ ಬೇರೆ. ನಾನು ಶಾಂತಿಗ್ರಾಮದ ಕಡೆಯವಳು. ನಮ್ಮ ಕಡೆ ಪ್ರಯಾಣ ಅಂದರೆ ಬುತ್ತಿಯಿಂದ ಶುರು. "ಕಜ್ಜಾಯ ಮಾಡಾನಾ, ಚಿತ್ರಾನ್ನ ಮಾಡಾನಾ? ರೈಲಲ್ಲಿ ತಿನ್ನಕ್ಕೆ ನಿಂಗೇನು ಬೇಕು?" ಎಂದು ಕೇಳುವೆ. "ಏನಾದ್ರೂ ಮಾಡಿ ಅತ್ಗೆ." ಯಾವ ಲಂಗ ಹಾಕ್ಕೊಳ್ಳುತ್ತೀಯ? "ಯಾವ್ದಾದ್ರೂ." ಒಂದು ಸಂಜೆ ಮಾತ್ರ, ಯಜಮಾನರು ತೊಟ್ಟಿಲಿನ ವಿಷಯ ತೆಗೆದಾಗ, ತಾನಾಗಿ ಒಂದು ಮಾತು ಕೇಳಿದಳು.

"ದೊಡ್ಡಣ್ಣ, ಒಂದು ತೊಟ್ಲಲ್ಲಿ ಎಷ್ಟು ಜನ ಕೂರಬೋದು?"

"ಎದುರು ಬದುರು ಇಬ್ರು ಕಣವ್ವಾ. ಒಬ್ರೇ ಕೂತ್ರೆ ಒಂದು ಕಡೀಕೆ ವಾಲ್ತದೆ."

ಅವಳು ತಲೆ ಎತ್ತಿ ಜಂತೆಯ ಕಡೆ ನೋಡಿದಳು. ಬಾಗಿಲು ತೆರೆದಿತ್ತು, ಬೆಂಕಿಪೊಟ್ಟಣಗಳು ಮೆಲ್ಲಗೆ ಅಲುಗುತ್ತಿದ್ದವು.

ದಸರಾಕ್ಕೆ ಮುಂಚೆ ಮಹಾಲಯ ಅಮಾವಾಸ್ಯೆ. ವರ್ಷ ತುಂಬಿದ್ದರಿಂದ ಆ ಸಲ ಅವನನ್ನು ಹಿರಿಯರ ಜೊತೆ ಸೇರಿಸಬೇಕಾಗಿತ್ತು. ಹದಿನೇಳು ತುಂಬದವನನ್ನು ಹಿರಿಯ ಅನ್ನುವುದು ಹೇಗೆ? ನಮ್ಮ ಮನೆಯ ಪದ್ಧತಿ ಹೀಗೆ: ನಡುಮನೆಯಲ್ಲಿ ಎಲೆ ಹಾಕಿ, ಹೋದವರಿಗೆ ಇಷ್ಟವಾದದ್ದನ್ನೆಲ್ಲ ಬಡಿಸಿ, ಸಾಂಬ್ರಾಣಿ ಹೊಗೆ ಹಾಕಿ, ಬಾಗಿಲು ಎಳೆದುಕೊಂಡು ಮನೆಯವರೆಲ್ಲ ಹೊರಗೆ ಬಂದುಬಿಡಬೇಕು. ಅವರು ಬಂದು ಉಣ್ಣುವ ಹೊತ್ತು ಅದು. ಸ್ವಲ್ಪ ಹೊತ್ತಾದ ಮೇಲೆ ಮನೆಯವರೊಬ್ಬರು ಬಾಗಿಲ ಹೊರಗೆ ನಿಂತು ಚಪ್ಪಾಳೆ ತಟ್ಟಬೇಕು. ತಟ್ಟಿದರೆ ಉಂಡವರು ಕೈ ತೊಳೆದು ಎದ್ದು ಹೋಗುತ್ತಾರೆ. ಆಮೇಲೆ ಬಾಗಿಲು ತೆಗೆಯಬೇಕು. ಸದ್ದು ಮಾಡದೆ ತೆಗೆದರೆ ಅವರಿಗೆ ಹೋಗಬೇಕೆಂದು ತಿಳಿಯುವುದಿಲ್ಲ, ಮನೆಯಲ್ಲೇ ಉಳಿದುಬಿಡುತ್ತಾರೆ.

ಅವನ ಎಲೆಗೆ ಕೋಳಿ ಸಾರು, ಒತ್ತು ಶಾವಿಗೆ, ಕೊಬ್ಬರಿ ಮಿಠಾಯಿ ಇಟ್ಟರು. ಮಿಠಾಯಿಯನ್ನು ಅಂಗಡಿಯಿಂದ ತಂದವಳು ಇವಳೇ. ಚಪ್ಪಾಳೆ ತಟ್ಟುವ ಕೆಲಸವನ್ನೂ ಅತ್ತೆ ಇವಳಿಗೇ ವಹಿಸಿದರು. ಯಜಮಾನರು ಬೀದಿಯಲ್ಲಿ ನಿಂತಿದ್ದರು, ಅತ್ತೆಯೂ ನಾನೂ ಹಿತ್ತಲಿನ ಕಲ್ಲಿನ ಮೇಲೆ ಕೂತಿದ್ದೆವು. ಹೊಳೆಯ ಕಡೆಯಿಂದ ಬಟ್ಟೆ ಒಗೆಯುವ ಸದ್ದು ಬರುತ್ತಿತ್ತು. ಸ್ವಲ್ಪ ಹೊತ್ತಿಗೆ ನೋಡಿದರೆ ನಡುಮನೆ ಬಾಗಿಲು ತೆರೆದಿತ್ತು, ಇವಳು ಹೊಸಿಲ ಪಕ್ಕದಲ್ಲಿ, ಯಾರಿಗೋ ದಾರಿ ಬಿಟ್ಟವಳ ಹಾಗೆ ಗೋಡೆಗೆ ಒರಗಿ ನಿಂತಿದ್ದಳು.

"ತಟ್ಟಿದ್ದೇನೆ?" ಎಂದರು ಅತ್ತೆ.

"ಹ್ಞೂ ಕಣವ್ವ."

ನನಗೆ ಕೇಳಿಸಿರಲಿಲ್ಲ. ಒಗೆಯುವವರ ಸದ್ದಿನಲ್ಲಿ ಸೇರಿಹೋಯಿತು ಅಂದುಕೊಂಡೆ. ಅತ್ತೆ ಮಗಳ ಮುಖವನ್ನೇ ನೋಡಿದರು. ಆಮೇಲೆ "ಸರಿ, ನೀವೂ ಉಣ್ಣಿ ಬನ್ನಿ" ಎಂದು ಎದ್ದರು.

ಆ ಸಂಜೆಯಿಂದ ಹುಡುಗಿ ಬದಲಾದಳು.

ಊಟಕ್ಕೆ ಮುದ್ದೆ ಪೂರ್ತಿ ಉಂಡಳು. ಮಾರನೇ ದಿನ ಚೊಂಬಿಗೆ ಕೆಂಡ ತುಂಬಿ ಲಂಗಕ್ಕೆ ಇಸ್ತ್ರಿ ಮಾಡಿದಳು, ನನ್ನ ಸೀರೆಗೂ ಮಾಡಿಕೊಟ್ಟಳು. ದೊಡ್ಡಣ್ಣನ ಜೊತೆ ಜಗಳಕ್ಕೆ ನಿಂತಳು. ಮೃಗಾಲಯದಲ್ಲಿ ಬಿಸಿಲೇರುವ ತನಕ ಸುತ್ತಿದರೆ ಸಂಜೆಗೆ ಕಾಲು ನೋಯುತ್ತದೆ, ಹುಲಿ ಆನೆ ನೋಡಿ ಹೊರಟುಬಿಡಬೇಕು. ಎಕ್ಸಿಬಿಷನ್ನಿನಲ್ಲಿ ಮೊದಲು ಕನ್ನಡಿ, ಆಮೇಲೆ ಬಾವಿ, ತೊಟ್ಟಿಲು ಕೊನೆಗೆ, ದೀಪ ಹತ್ತಿದ ಮೇಲೆ. ತೊಟ್ಟಿಲು ಹತ್ತುವ ಮುಂಚೆ ಹಪ್ಪಳ ತಿನ್ನಬಾರದು.

"ಯಾಕಮ್ಮಾ ತಾಯಿ?" ಎಂದರು ಯಜಮಾನರು.

"ವಾಂತಿ ಆದ್ರೆ?"

"ನಿಂಗೆ ಯಾವತ್ತೇ ವಾಂತಿ ಆಗಿತ್ತು? ಕಲ್ಲು ತಿಂದ್ರೂ ಅರಗ್ತದೆ."

ಅವಳು ನಕ್ಕುಬಿಟ್ಟಳು. ವರ್ಷದ ಮೇಲೆ ಆ ಮನೆಯಲ್ಲಿ ಕೇಳಿದ ನಗು. ಯಜಮಾನರು ನನ್ನ ಕಡೆ ನೋಡಿ, ಗೆದ್ದೆ ಅನ್ನುವ ಹಾಗೆ ಮೀಸೆ ಒರೆಸಿಕೊಂಡರು. ನನಗೂ ಹಿಗ್ಗೇ. ಆದರೆ ನಾನು ಮನೆಯ ಸಣ್ಣಪುಟ್ಟದ್ದನ್ನೆಲ್ಲ ಗಮನಿಸುವವಳು, ಆ ದಿನಗಳಲ್ಲಿ ಕೆಲವು ನನ್ನ ಕಣ್ಣಿಗೆ ಬಿದ್ದವು. ಇವಳು ಜಗಲಿಯಲ್ಲಿ ಕೂತರೆ ಕಂಬದ ಪಕ್ಕದಲ್ಲಿ ಒಬ್ಬರಿಗೆ ಜಾಗ ಬಿಟ್ಟು ಕೂರುತ್ತಿದ್ದಳು, ಅದು ಅವನು ಕೂರುತ್ತಿದ್ದ ಜಾಗ. ನಡುಮನೆಯಲ್ಲಿ ಒಬ್ಬಳೇ ಇರುವಾಗ ಮಾತಿನ ಸದ್ದು ಬರುತ್ತಿತ್ತು, ನಾನು ಒಳಗೆ ಕಾಲಿಟ್ಟರೆ ನಿಲ್ಲುತ್ತಿತ್ತು. ಬೀದಿ ಬಾಗಿಲು ಹಾಕಿದ್ದಾಗಲೂ ಜಂತೆಯ ತೊಟ್ಟಿಲು ತಿರುಗುವುದನ್ನು ಕಂಡೆ. ಹೆಂಚಿನ ಸಂದಿಯ ಗಾಳಿ ಇರಬೇಕು. ಇನ್ನೊಂದು: ಪಾತ್ರೆಯಲ್ಲಿ ದಿನಾ ಒಂದು ಮುದ್ದೆ ಹೆಚ್ಚಾಗಿ ಉಳಿಯುತ್ತಿತ್ತು. ಮುದ್ದೆ ಕಟ್ಟುತ್ತಿದ್ದವರು ಅತ್ತೆ. ವಯಸ್ಸಾಯಿತು, ಅಂದಾಜು ತಪ್ಪುತ್ತಿದೆ ಎಂದುಕೊಂಡು ಬೆಳಿಗ್ಗೆ ಅದನ್ನು ಮಜ್ಜಿಗೆಗೆ ಕಿವುಚಿಕೊಂಡು ನಾನೇ ಉಣ್ಣುತ್ತಿದ್ದೆ.

ಹೊರಡುವ ದಿನ ಅತ್ತೆ ಬರುವುದಿಲ್ಲ ಎಂದುಬಿಟ್ಟರು. "ಮನೆ ನೋಡ್ಕಳಕ್ಕೆ ಯಾರಾದ್ರೂ ಬೇಕಲ್ಲ. ನೀವ್ ಓಗ್ಬುಟ್ಟು ಬನ್ನಿ." ಬಾಗಿಲ ತನಕ ಬಂದು, ಮಗಳ ತಲೆ ಸವರಿ, "ಉಸಾರು. ಎಲ್ರೂ ಉಸಾರಾಗಿ ಓಗಿ" ಎಂದರು. ಯಾರನ್ನು ನೋಡಿ ಹೇಳಿದರೋ, ಅವರ ಕಣ್ಣು ನಮ್ಮ ಹಿಂದೆ ಎಲ್ಲೋ ಇತ್ತು.

ರೈಲಿನಲ್ಲಿ ಕಿಟಕಿಯ ಜಾಗ ಸಿಕ್ಕಿತು. ಇವಳು ಕಿಟಕಿಗೆ ಕೂರಲಿಲ್ಲ, ಕಿಟಕಿ ಬಿಟ್ಟು ಪಕ್ಕದಲ್ಲಿ ಕೂತಳು. ಯಜಮಾನರು ಬಾಗಿಲ ಹತ್ತಿರ ಯಾರೋ ಗುರುತಿನವರ ಜೊತೆ ಮಾತಿಗೆ ನಿಂತಿದ್ದರು. ಗಂಟು ಹೊತ್ತ ಹೆಂಗಸೊಬ್ಬಳು ಬಂದು, "ವಸಿ ಜರುಗಮ್ಮಣ್ಣಿ, ಕಿಟಕಿತಾವ ಕಾಲಿ ಅದಲ್ಲ" ಎಂದಳು.

"ಇಲ್ಲ ಕಣಮ್ಮ, ಅಲ್ಲಿ ಜನ ಅವ್ರೆ" ಎಂದಳು ಇವಳು.

ಆ ಹೆಂಗಸು ಗೊಣಗಿಕೊಂಡು ಮುಂದೆ ಹೋದಳು. ನಾನು ಸೆರಗಿನಿಂದ ಬೆವರು ಒರೆಸಿಕೊಂಡು, ಮೆಲ್ಲಗೆ, "ಯಾರವ್ವಾ ಅಲ್ಲಿರೋದು?" ಎಂದೆ.

ಅವಳು ಗುಟ್ಟು ಹೇಳುವ ಹುಡುಗಿಯರ ಹಾಗೆ ನನ್ನ ಕಿವಿಗೆ ಬಾಯಿ ತಂದಳು. ಆ ಮುಖದಲ್ಲಿ ಭಯವೇ ಇರಲಿಲ್ಲ, ಬರೀ ಸಂಭ್ರಮ.

"ಅತ್ಗೆ, ಯಾರ್ಗೂ ಏಳ್ಬ್ಯಾಡಿ. ಅಮಾಸೆ ದಿನ ನಾನು ಚಪ್ಪಾಳೆ ತಟ್ಟಲಿಲ್ಲ. ಸುಮ್ಕೆ ಬಾಗ್ಲು ತಗ್ದೆ. ಸಣ್ಣಣ್ಣ ಓಗಿಲ್ಲ. ನಮ್ಜೊತೇಲೇ ಬತ್ತಾವ್ನೆ."

ಅಕ್ಟೋಬರಿನ ಬಿಸಿಲು ಕಿಟಕಿಯಿಂದ ಆ ಖಾಲಿ ಜಾಗದ ಮೇಲೆ ಬಿದ್ದಿತ್ತು. ಹಲಗೆಯ ಮೇಲೆ ಕಲ್ಲಿದ್ದಲ ಮಸಿ. ನಾನು ಅದನ್ನೇ ನೋಡುತ್ತ ಕೂತೆ.

"ಅಲ್ಲವ್ವಾ, ತೊಟ್ಲು ತೋರ್ಸಿದ ಮೇಲೆ ಅವ್ನ ಎಂಗೆ ಕಳಿಸ್ತೀಯ?"

"ಕಳ್ಸೋದು ಯಾಕೆ? ಇರ್ಲಿ ಬುಡಿ ನಮ್ಮನೇಲೇ."

ನಮಗೆ ಬೇಕಾಗಿದ್ದ ಹುಡುಗಿ ನಮಗೆ ವಾಪಸು ಸಿಕ್ಕಿದ್ದಳು. ಆದರೆ ಅವಳು ಹಿಡಿದುಕೊಂಡಿದ್ದ ಕೈ ಯಾವುದು ಎಂದು ಈಗ ನನಗೆ ಗೊತ್ತಾಯಿತು. ಬಿಡಿಸಿದರೆ ಮತ್ತೆ ಅದೇ ಬಾವಿ. ಬಿಡಿಸದಿದ್ದರೆ? ಜೀವಮಾನ ಪೂರ್ತಿ ಪಕ್ಕದಲ್ಲಿ ಜಾಗ ಬಿಟ್ಟು ಕೂರುವ ಹೆಣ್ಣನ್ನು ನಾನು ಕಣ್ಣಿಗೆ ತಂದುಕೊಂಡೆ. ಯಜಮಾನರಿಗೆ ಹೇಳಲೇ ಅಂದುಕೊಂಡೆ. ಅವರು ಬಾಗಿಲಲ್ಲಿ ನಗುತ್ತ, ತಂಗಿಯ ಕಡೆ ಬೆರಳು ತೋರಿಸಿ, ಆ ಗುರುತಿನವರಿಗೆ ಏನೋ ಹೇಳುತ್ತಿದ್ದರು. ಆ ನಗು ನೋಡಿ ಹುಡುಗಿಯ ಕಡೆಗೇ ತಿರುಗಿದೆ. ಬುತ್ತಿ ಬಿಚ್ಚಿ ಕಜ್ಜಾಯ ಕೊಟ್ಟೆ. ಎರಡು ತೆಗೆದುಕೊಂಡು ಒಂದನ್ನು ಕಿಟಕಿಯ ಪಕ್ಕ ಇಟ್ಟಳು.

ಮೃಗಾಲಯದಲ್ಲಿ ನಾವು ನೋಡಿದ್ದು ನನಗೆ ಹೆಚ್ಚು ನೆನಪಿಲ್ಲ. ನೀರುಕುದುರೆ ಬಾಯಿ ತೆರೆಯಲೇ ಇಲ್ಲ, ಯಜಮಾನರಿಗೆ ಅವಮಾನವಾಯಿತು. ಎಕ್ಸಿಬಿಷನ್ನಿನಲ್ಲಿ ನಗಿಸುವ ಕನ್ನಡಿಗಳ ಮುಂದೆ ಅಣ್ಣ ತಂಗಿ ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಒಂದು ಕನ್ನಡಿಯಲ್ಲಿ ಯಜಮಾನರು ಗುಡಾಣದ ಹಾಗೆ ಕಂಡರು. "ದೊಡ್ಡಣ್ಣ, ಸೊಸೈಟಿ ಅಕ್ಕಿಯೆಲ್ಲ ನೀನೇ ತಿಂದ್ಬುಟ್ಯಾ?" ಎಂದಳು. ನಾನು ಮಾತ್ರ ಕನ್ನಡಿಯ ಕಡೆ ನೇರವಾಗಿ ನೋಡಲಿಲ್ಲ. ಅವಳ ಪಕ್ಕದಲ್ಲಿ ಏನು ಕಂಡೀತೋ ಎಂಬ ಹೆದರಿಕೆ. ಓರೆಗಣ್ಣಿಗೆ ಕಂಡದ್ದು ಒಂದು ಉದ್ದನೆಯ ನೀಲಿ ಲಂಗ, ಅದರ ಪಕ್ಕದಲ್ಲಿ ಗಾಜಿನ ಹೊಳಪು, ಅಷ್ಟೇ.

ದೀಪ ಹತ್ತಿದವು. ತೊಟ್ಟಿಲಿನ ಹತ್ತಿರ ಎಂಜಿನ್ನಿನ ಹೊಗೆ, ಡೀಸಲ್ ವಾಸನೆ. ಕತ್ತು ಹಿಂದಕ್ಕೆ ಬಾಗಿಸಿ ನೋಡಿದರೆ ನನಗೆ ಕೆಳಗೇ ತಲೆ ಸುತ್ತಿತು. ಆದರೂ ಗಟ್ಟಿ ಮನಸ್ಸು ಮಾಡಿ, "ನಿನ್ನ ಜೊತೆ ನಾನು ಕೂತ್ಕತ್ತೀನಿ" ಎಂದೆ. ಖಾಲಿ ಜಾಗವನ್ನು ನಾನೇ ತುಂಬಿಬಿಟ್ಟರೆ ಅಂತ ನನ್ನ ಎಣಿಕೆ.

"ಬ್ಯಾಡಿ ಅತ್ಗೆ" ಎಂದಳು, ನನ್ನ ಕಣ್ಣಲ್ಲಿ ಕಣ್ಣಿಟ್ಟು.

ತೊಟ್ಟಿಲಿನವನು ಸಲಾಕೆ ಎತ್ತಿ ಅವಳನ್ನು ಕೂರಿಸಿದ. "ಇನ್ನೊಬ್ರು ಯಾರು ಸಾ? ಜಲ್ದಿ ಅತ್ತಿ. ಒಬ್ರೇ ಆದ್ರೆ ತೊಟ್ಲು ವಾಲ್ತದೆ."

ಯಜಮಾನರು ತಾವೇ ಹತ್ತಲು ಪಂಚೆ ಎತ್ತಿಕಟ್ಟಿದರು. ನಾನು ಅವರ ತೋಳು ಹಿಡಿದೆ. ಜನರೆದುರು ಗಂಡನ ತೋಳು ಹಿಡಿದದ್ದು ಅದೇ ಮೊದಲು. "ಅವ್ಳೊಬ್ಳೇ ಕೂತ್ಕಳ್ಳಿ ಬುಡಿ" ಎಂದೆ. ಅವರು ನನ್ನನ್ನೂ ತಂಗಿಯನ್ನೂ ನೋಡಿ, ಏನು ಅರ್ಥವಾಯಿತೋ, "ಎರಡು ಟಿಕೀಟು ಇಟ್ಕಳಪ್ಪ, ಬುಡು" ಎಂದರು.

ತೊಟ್ಟಿಲು ಎದ್ದಿತು. ಈಗ ಹೇಳುವುದನ್ನು ಕಂಡ ಹಾಗೆ ಹೇಳುತ್ತೇನೆ, ಅರ್ಥ ಕೇಳಬೇಡಿ. ಬೇರೆ ತೊಟ್ಟಿಲುಗಳಲ್ಲಿ ಇಬ್ಬಿಬ್ಬರಿದ್ದರು, ಸಮವಾಗಿ ತೂಗುತ್ತಿದ್ದವು. ಇವಳೊಬ್ಬಳೇ ಇದ್ದ ತೊಟ್ಟಿಲು ಒಂದು ಕಡೆಗೆ ವಾಲಬೇಕಾಗಿತ್ತು, ವಾಲಲಿಲ್ಲ. ಸುತ್ತು ಸುತ್ತಿದರೂ, ಬುರುಬುರು ಗಾಳಿಗೆ ಅವಳ ಜಡೆ ಹಾರಿದರೂ, ತಕ್ಕಡಿಯ ತಟ್ಟೆಯ ಹಾಗೆ ನೆಟ್ಟಗೇ ಇತ್ತು. ಅವಳು ಎದುರಿನ ಖಾಲಿ ಹಲಗೆಯ ಕಡೆ ಬಾಗಿ ಏನೋ ಹೇಳುತ್ತಿದ್ದಳು, ನಗುತ್ತಿದ್ದಳು.

ಆಮೇಲೆ ಕೆಳಗಿನವರನ್ನು ಇಳಿಸಲು ತೊಟ್ಟಿಲನ್ನು ನಿಲ್ಲಿಸಿದರು. ಇವಳದು ತುತ್ತ ತುದಿಯಲ್ಲಿ ನಿಂತಿತು. ಅಷ್ಟು ಎತ್ತರದಲ್ಲಿ ಮುಖ ಕಾಣುವುದಿಲ್ಲ. ದೀಪಗಳ ಹಿಂದೆ ಒಂದು ಸಣ್ಣ ನೀಲಿ ಬಟ್ಟೆ. ಬಹಳ ಹೊತ್ತು ಅನ್ನಿಸಿತು. ಅವಳ ತಲೆ ಕೆಳಗೆ ಬಾಗಿತು, ಮತ್ತೆ ಎದ್ದಿತು. ಆಗ ನೋಡಿದೆ, ಎರಡು ಕೈಯನ್ನೂ ಮುಂದೆ ಚಾಚಿ ಚಪ್ಪಾಳೆ ತಟ್ಟಿದಳು. ಎಂಜಿನ್ನಿನ ಸದ್ದಿನಲ್ಲಿ ಕೇಳಿಸುವಂತಿರಲಿಲ್ಲ, ಕಂಡಿತು. ಮತ್ತೆ ತಟ್ಟಿದಳು. ಮತ್ತೆ.

"ನೋಡೇ, ಎಷ್ಟು ಕುಸಿಯಾಗವ್ಳೆ!" ಎಂದರು ಯಜಮಾನರು. ಅವರ ಕಣ್ಣು ತುಂಬಿತ್ತು. ಪಕ್ಕದಲ್ಲಿದ್ದ ಮಕ್ಕಳು ಯಾರೋ ಅವಳನ್ನು ನೋಡಿ ತಾವೂ ತಟ್ಟಿದರು.

ತೊಟ್ಟಿಲು ಇಳಿಯತೊಡಗಿದಾಗ ಒಂದು ಕಡೆಗೆ ವಾಲಿತ್ತು. ಅವಳು ಕೂತ ಕಡೆ ತಗ್ಗಿ, ಎದುರಿನ ಖಾಲಿ ಹಲಗೆ ಮೇಲೆದ್ದು, ಓರೆಯಾಗಿ ಕೆಳಗೆ ಬಂತು. ತೊಟ್ಟಿಲಿನವನು ಸಲಾಕೆ ತೆಗೆಯುತ್ತ, "ನಾನೇಳ್ಲಿಲ್ವಾ ಸಾ, ವಾಲ್ತದೆ ಅಂತ" ಎಂದ.

ಇಳಿದವಳ ಮುಖ ಒದ್ದೆಯಾಗಿತ್ತು. ನಾನು ಸೆರಗಿನಲ್ಲಿ ಒರೆಸಿದೆ. ಯಜಮಾನರು ಹಪ್ಪಳ ತರಲು ಹೋದ ಮೇಲೆ ಅವಳು ನನ್ನ ಕಿವಿಗೆ ಬಂದಳು.

"ಮೇಲೆ ಓದ್ಮೇಲೆ ಅವ್ನಿಗೆ ತಲೆ ಸುತ್ತು ಬಂತು ಅತ್ಗೆ. ಸಾಕು ಕಣೆ, ನಾನು ಇಳೀತೀನಿ ಅಂದ. ನಾನು ನಕ್ಕೆ, ಆವತ್ತೇ ಏಳಿರ್ಲಿಲ್ವಾ ಅಂದೆ. ಅಂಗಿಸ್ಬ್ಯಾಡ ಬುಡೇ ಅಂದ. ಅದ್ಕೇ ತಟ್ದೆ." ತೊಟ್ಟಿಲಿನ ತುದಿಯ ಕಡೆ ನೋಡಿ, "ಅವ್ನಿಗೆ ಪಾಪ, ಎತ್ತರ ಆಗಲ್ಲ" ಎಂದಳು. ಆಮೇಲೆ, "ಒಟ್ಟೆ ಅಸೀತಾದೆ" ಎಂದಳು.

ಹಪ್ಪಳ ತಿಂದಳು, ಚುರುಮುರಿ ತಿಂದಳು, ಬುತ್ತಿಯಲ್ಲಿ ಉಳಿದ ಚಿತ್ರಾನ್ನವನ್ನೂ ಬಿಡಲಿಲ್ಲ. ಮಾರನೇ ದಿನ ರೈಲಿನಲ್ಲಿ ಕಿಟಕಿಯ ಪಕ್ಕ ತಾನೇ ಕೂತಳು. ದಾರಿಯಲ್ಲಿ ಒಂದು ಕಡೆ ಎರಡೂ ಕಣ್ಣು ಮುಚ್ಚಿ ಅತ್ತಳು, ಬಾಯಿಬಿಟ್ಟು, ಸದ್ದು ಮಾಡಿ, ಮಕ್ಕಳು ಅಳುವ ಹಾಗೆ. ಯಜಮಾನರು ಗಾಬರಿಯಾದರು. ನಾನು "ಅಳ್ಲಿ ಬುಡಿ" ಎಂದೆ. ಊರು ಬರುವ ಹೊತ್ತಿಗೆ ನನ್ನ ಹೆಗಲ ಮೇಲೆ ನಿದ್ದೆ ಹೋಗಿದ್ದಳು, ಬಾಯಿಯ ಮೂಲೆಯಲ್ಲಿ ರೈಲಿನಲ್ಲಿ ಕೊಂಡ ಚುರುಮುರಿಯ ಖಾರ ಹತ್ತಿಕೊಂಡಿತ್ತು.

ಮನೆಗೆ ಬಂದಾಗ ಅತ್ತೆ ಒಲೆಯ ಮುಂದೆ ಮುದ್ದೆಗೆ ಎಸರಿಟ್ಟಿದ್ದರು. ಮಗಳು ಹಿತ್ತಲಿಗೆ ಕಾಲು ತೊಳೆಯಲು ಹೋದಳು. ಅತ್ತೆ ಕೋಲಿನಿಂದ ಹಿಟ್ಟು ತಿರುವುತ್ತ, ನನ್ನ ಕಡೆ ತಿರುಗದೆ ಕೇಳಿದರು.

"ಅಲ್ಲಿ ತಟ್ಟಿದ್ಲಾ?"

ನಾನು ಬುತ್ತಿಯ ಪಾತ್ರೆಯನ್ನು ಕೆಳಗಿಟ್ಟೆ.

"ನಂಗೆ ಆವತ್ತೇ ಗೊತ್ತಿತ್ತು ಕಣಮ್ಮಿ" ಎಂದರು. "ಹಿತ್ಲಲ್ಲಿ ಕಿವಿ ಅಲ್ಲೇ ಇಟ್ಕಂಡು ಕೂತಿದ್ದೆ. ತಟ್ಟಲಿಲ್ಲ. ಗದರಿಸ್ಬೇಕು ಅಂತ ಎದ್ದೆ. ಆಮೇಲೆ... ಇರ್ಲಿ, ನಾಕು ದಿನ ಇರ್ಲಿ ಅನ್ನಿಸ್ತು."

"ತಟ್ಟಿದ್ಲು ಅತ್ತೆ."

ಅವರು ತಲೆ ಆಡಿಸಿದರು. ಹಿಟ್ಟನ್ನು ಮಣೆಗೆ ಸುರಿದು, ಕೈ ನೀರಿಗೆ ಅದ್ದಿ, ಮುದ್ದೆ ಕಟ್ಟತೊಡಗಿದರು. ಯಜಮಾನರದು, ನನ್ನದು, ಹುಡುಗಿಯದು, ಅವರದು. ಮಣೆಯ ಮೇಲೆ ಇನ್ನೂ ಒಂದಕ್ಕಾಗುವಷ್ಟು ಹಿಟ್ಟು ಉಳಿದಿತ್ತು. ಅದರ ಮೇಲೆ ಕೈಯಿಟ್ಟು ಸುಮ್ಮನೆ ಕೂತರು. ಬಿಸಿ ಸುಡುತ್ತಿರಬೇಕು, ಕೈ ತೆಗೆಯಲಿಲ್ಲ. ಹಿತ್ತಲಿಂದ ಮಗಳು, "ಅವ್ವಾ, ಒಟ್ಟೆ ಅಸೀತಾದೆ, ಆಯ್ತಾ?" ಎಂದು ಕೂಗಿದಳು.

ಅತ್ತೆ ಆ ಉಳಿದ ಹಿಟ್ಟನ್ನು ಎತ್ತಿ ಮಗಳ ಮುದ್ದೆಗೆ ಸೇರಿಸಿ, ಎರಡೂ ಕೈಯಲ್ಲಿ ಒತ್ತಿ ಒತ್ತಿ, ಗೆರೆ ಕಾಣದ ಹಾಗೆ ಒಂದು ಮಾಡಿದರು.